ಐದು ಜನರ ಚಾಪೆ

ಬಸ್ತಿಹಳ್ಳಿ
9 ಮೇ 2025

ಮೇಷ್ಟ್ರೇ,

ಒಬ್ಬ ಬಸುರಿಯ ಮನೆಯ ಜಗಲಿಯ ಮೇಲೆ ಕೂತು ಈ ಕಾಗದ ಬರೆಯುತ್ತಿದ್ದೇನೆ. ಕಾವಲಿನ ಪಾಳಿ ಇವತ್ತು ನನ್ನದು. ಒಳಗಿರುವವಳು ಹೇಮಾಶ್ರೀ, ಆರು ತಿಂಗಳ ಬಸುರಿ. ಅವಳು ಹೊಸ್ತಿಲು ದಾಟಿ ಬಸ್ ಸ್ಟಾಂಡಿನ ಕಡೆ ಹೋಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಈ ಕೆಲಸಕ್ಕೆ ನನ್ನನ್ನು ಹಚ್ಚಿದವರು ನೀವು.

ಸಿಟ್ಟು ಬಂತೇ? ಬರಲಿ. ನಿಮ್ಮ ಸಂಘ ಕಂಪನಿಯಾದ ದಿನ ಮಾತು ಬಿಟ್ಟವಳು ನಾನು. ಇಷ್ಟು ವರ್ಷದ ಮೇಲೆ ಕ್ಷೇಮ ಸಮಾಚಾರ ಕೇಳಲು ಬರೆಯುತ್ತಿಲ್ಲ. ಫೋನ್ ಮಾಡಿದೆ. ನಿಮ್ಮ ಮಗನ ಆಫೀಸಿನ ಹುಡುಗಿ ಎತ್ತಿಕೊಂಡು, "ಸರ್ ರೆಸ್ಟ್ ತಗೋತಾ ಇದಾರೆ, ಮೆಸೇಜ್ ಬಿಡಿ" ಅಂದಳು. ಅದಕ್ಕೇ ಅಂಚೆ.

ನಾನು ಅನುಸೂಯಮ್ಮ. ಬಸ್ತಿಹಳ್ಳಿಯ ಅಂಗನವಾಡಿಯಲ್ಲಿ ಟೀಚರಾಗಿದ್ದವಳು. ನೀವು ಕಾಲೇಜಿನ ಅರ್ಥಶಾಸ್ತ್ರದ ಪಾಠ ಬಿಟ್ಟು, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಬಂದು, ಬಸದಿಯ ಮಂಟಪದಲ್ಲಿ ಈಚಲು ಚಾಪೆ ಬಿಚ್ಚಿ ಹಾಸಿದಿರಲ್ಲ, ಅದರ ಮೇಲೆ ಮೊದಲು ಕೂತವಳು. ಅಲ್ಲಿನ ಕನ್ನಡಿಯಂಥ ಕಂಬಗಳಲ್ಲಿ ನಮ್ಮ ಐದು ಮುಖಗಳು ಕಾಣುತ್ತಿದ್ದವು. ನೀವು ಹೇಳಿದಿರಿ: ಬಡ ಹೆಂಗಸಿನ ಹತ್ತಿರ ಒತ್ತೆ ಇಡಲು ಚಿನ್ನವಿಲ್ಲ, ಪಹಣಿಯಿಲ್ಲ, ಪಕ್ಕದ ನಾಲ್ಕು ಹೆಂಗಸರ ಮಾತಿದೆ, ನನಗೆ ಅದೇ ಸಾಕು. ಐವರು ಒಂದು ಚಾಪೆಯ ಮೇಲೆ ಕೂರಬೇಕು. ಐವರದೂ ಕಂತು ಬೀಳುವವರೆಗೆ ಯಾರೂ ಏಳಬಾರದು. ಕೊನೆಗೆ ಮುಖಂಡಳು "ಏಳ್ರವ್ವಾ" ಅಂದಮೇಲೇ ಏಳಬೇಕು.

ಆಗ ಅದು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಒಬ್ಬಳಿಗೆ ಕಡಿಮೆ ಬಿದ್ದರೆ ಯಾಕೆ ಬಿತ್ತು ಅಂತ ಕೇಳುತ್ತಿದ್ದೆವು. ಗಂಡ ಕುಡಿದ, ಎಮ್ಮೆ ಬತ್ತಿತು. ಅತ್ತು, ಬೈದು, ನಾಲ್ವರು ಸೇರಿಸಿ ಕೊಟ್ಟು, ನಗುತ್ತಾ ಏಳುತ್ತಿದ್ದೆವು.

ಈಗ ಕೇಳಿ. ಹೇಮಾಶ್ರೀಗೆ ಸಾಲ ಬೇಕಿತ್ತು, ಐದನೆಯವಳು ಸಿಕ್ಕಿರಲಿಲ್ಲ. "ಅಮ್ಮ, ಸುಮ್ನೆ ಕೂತ್ಕೊಳಿ, ನೀವೊಬ್ರು ಬಂದ್ರೆ ಆಯ್ತು" ಅಂದಳು. ನಾನು ಬಾಲವಾಡಿಯಲ್ಲಿ ಅಕ್ಷರ ತಿದ್ದಿಸಿದ ಹುಡುಗಿ. ಕೂತೆ. ಅವಳ ಗಂಡ ಮಧುಕುಮಾರ್ ಆ ದುಡ್ಡಿನಲ್ಲಿ ಗೂಡ್ಸ್ ಆಟೋ ತೆಗೆದ. ಯುಗಾದಿ ಕಳೆದ ವಾರ ಆಟೋ ಹತ್ತಿಕೊಂಡು ಹೋದವನು ಇನ್ನೂ ಬಂದಿಲ್ಲ, ಫೋನೂ ಇಲ್ಲ. ನನ್ನ ಕೈಲಾದಷ್ಟು ದಿನ ಅವಳ ಕಂತು ನಾನು ಕಟ್ಟಿದೆ. ಕೈ ಬರಿದಾಯಿತು.

ಅವಳ ತವರು ಅರೇಹಳ್ಳಿಯ ಹತ್ತಿರ, ತಾಯಿ ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದಾಳೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕು. ಹೋದರೆ ಬರುತ್ತಾಳೋ ಇಲ್ಲವೋ? ಬರದಿದ್ದರೆ ಅವಳ ಸಾಲ ಉಳಿದ ನಾಲ್ವರ ತಲೆಯ ಮೇಲೆ. ಕಂಪನಿಯವರು ಬಾಯಿಬಿಟ್ಟು ಹೇಳಿದ್ದು ಒಂದೇ ಮಾತು: "ಅವ್ರನ್ನ ಊರು ಬಿಡಕ್ಕೆ ಬಿಟ್ರೆ ನಿಮಗೇ ಕಷ್ಟ." ಅಂದಿನಿಂದ ಅಕ್ಷತಾ, ಬಸಮ್ಮ, ಇಂದು ಅನ್ನುವವಳು, ನಾನು, ನಾಲ್ವರೂ ಸರದಿಯ ಮೇಲೆ ಜಗಲಿ ಕಾಯುತ್ತಿದ್ದೇವೆ. ಸಾಲ ವಸೂಲಿಗೆ ಮನೆಬಾಗಿಲಿಗೆ ಬಂದು ಕಾಡಬಾರದು ಅಂತ ಸರ್ಕಾರ ಈ ವರ್ಷ ಕಾನೂನು ತಂದಿದೆಯಂತೆ. ಅವರು ಬರುತ್ತಿಲ್ಲ ಮೇಷ್ಟ್ರೇ. ನಮ್ಮನ್ನು ಕೂರಿಸಿದ್ದಾರೆ. ಪೊಲೀಸರಿಗೆ ದೂರು ಕೊಡೋಣವೆಂದರೆ ಯಾರ ಮೇಲೆ? ನನ್ನ ಮೇಲೆ ನಾನೇ ಕೊಡಲೇ?

ನಿಮ್ಮಿಂದ ದುಡ್ಡು ಕೇಳುತ್ತಿಲ್ಲ. ಪ್ರತಿ ಮಂಗಳವಾರ ನಿಮ್ಮ ಫೋಟೋ ಇಟ್ಟು ಈ ಹೆಂಗಸರಿಂದ ಪ್ರತಿಜ್ಞೆ ಮಾಡಿಸುತ್ತಾರೆ. ಏಳಬಾರದು ಅಂದವರು ನೀವು. ಬನ್ನಿ. ಬಂದು ಈ ಜಗಲಿಯ ಮುಂದೆ ನಿಂತು "ಏಳ್ರವ್ವಾ" ಅನ್ನಿ. ನಿಮ್ಮ ಬಾಯಿಂದ ಬಂದರೆ ಇವರು ಏಳುತ್ತಾರೆ. ಹುಡುಗಿ ತವರಿಗೆ ಹೋಗುತ್ತಾಳೆ.

ಅನುಸೂಯಮ್ಮ


ಅರಸೀಕೆರೆ
20 ಮೇ 2025

ಶ್ರೀಮತಿ ಅನುಸೂಯಮ್ಮನವರಿಗೆ ವಂದನೆಗಳು.

ತಮ್ಮ ಪತ್ರ ತಲುಪಿತು. ತಾವು ವಿವರಿಸಿರುವ ಪರಿಸ್ಥಿತಿ ವಿಷಾದಕರ. ಆದರೆ ಒಂದು ಪದ್ಧತಿಯನ್ನು ಅದರ ದುರ್ಬಳಕೆಯಿಂದ ಅಳೆಯುವುದು ಸರಿಯಲ್ಲವೆಂದು ತಮ್ಮಂಥ ಹಳೆಯ ಕಾರ್ಯಕರ್ತರಿಗೆ ನಾನು ಹೇಳಬೇಕಾಗಿಲ್ಲ. ಪರಸ್ಪರ ಹೊಣೆಗಾರಿಕೆಯಿಲ್ಲದೆ ಒತ್ತೆಯಿಲ್ಲದ ಸಾಲ ನಿಲ್ಲುವುದಿಲ್ಲ. ಒಂದು ಊರಿನಲ್ಲಿ ವಿನಾಯಿತಿ ಕೊಟ್ಟರೆ ಎಲ್ಲ ಊರುಗಳಲ್ಲೂ ಕೊಡಬೇಕಾಗುತ್ತದೆ. ಆಗ ಮುಂದಿನ ಬಡ ಹೆಂಗಸಿಗೆ ಸಾಲವೇ ಹುಟ್ಟುವುದಿಲ್ಲ.

ನಾನು ಸಂಸ್ಥೆಯ ದೈನಂದಿನ ವ್ಯವಹಾರದಿಂದ ಬಹಳ ಹಿಂದೆಯೇ ದೂರ ಸರಿದಿದ್ದೇನೆ. ಆದರೂ ತಮ್ಮ ಪತ್ರವನ್ನು ಮಗ ಚಿ. ಕುಮಾರಸ್ವಾಮಿಗೆ ಕೊಟ್ಟು, ಸಂಬಂಧಪಟ್ಟವರ ಗಮನಕ್ಕೆ ತರುವಂತೆ ತಿಳಿಸಿದ್ದೇನೆ. ಮಾನವೀಯ ನೆಲೆಯಲ್ಲಿ ಪರಿಶೀಲಿಸುವುದಾಗಿ ಅವನು ಹೇಳಿದ್ದಾನೆ. ನನ್ನ ಆರೋಗ್ಯ ಪ್ರಯಾಣಕ್ಕೆ ಅನುಕೂಲಕರವಾಗಿಲ್ಲ.

ಇಂತಿ,
ಪ್ರೊ. ಚನ್ನಬಸವಯ್ಯ
ಸಂಸ್ಥಾಪಕರು, ಚಾಪೆ ಕಿರುಸಾಲ ಸಂಸ್ಥೆ

(ಟೈಪ್ ಮಾಡಿದವರು ನೋಡದ ಹಾಗೆ ಕೆಳಗೆ ಕೈಯಲ್ಲಿ ಬರೆಯುತ್ತಿದ್ದೇನೆ: ಆ ಹುಡುಗಿ ಊಟ ಮಾಡುತ್ತಿದ್ದಾಳೆಯೇ?)


ಬಸ್ತಿಹಳ್ಳಿ
2 ಜೂನ್ 2025

ಮೇಷ್ಟ್ರೇ,

ನಿಮ್ಮ ಟೈಪಿಗೆ ಉತ್ತರವಿಲ್ಲ. ಕೈಬರಹಕ್ಕೆ ಉತ್ತರ ಬರೆಯುತ್ತೇನೆ.

ಊಟ ಮಾಡುತ್ತಿದ್ದಾಳೆ. ನಾವೇ ಬಡಿಸುತ್ತೇವೆ. ಬಸಮ್ಮ ಮುದ್ದೆ, ಬಸ್ಸಾರು ತರುತ್ತಾಳೆ. ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಹಾಕಿ ಕೊಡುವವಳು ಇಂದು. ಅಕ್ಷತಾ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಾಳೆ. ಬಾಚಿ, ಜಡೆ ಹಾಕಿ, ಹೊರಗೆ ಬಂದು ಬಾಗಿಲ ಎದುರಿಗೆ ಕೂರುತ್ತಾಳೆ. ಜೈಲಿನಲ್ಲಾದರೆ ಪೊಲೀಸರು ಹೊಡೆಯುತ್ತಾರೆ. ಆ ದಿನಗಳ ಚಳವಳಿಯಲ್ಲಿ ನೀವೂ ನಾವೂ ಹಾಸನದ ಠಾಣೆಯಲ್ಲಿ ಕೂತಿದ್ದಾಗ ಹೊಡೆದಿದ್ದರಲ್ಲ. ಹೊಡೆಸಿಕೊಳ್ಳುವವರಿಗೆ ಒಂದು ಸುಖ ಇದೆ: ಎದುರಿಗಿರುವವನು ಯಾರೆಂದು ಗೊತ್ತು. ಹೇಮಾಶ್ರೀಗೆ ಆ ಸುಖವೂ ಇಲ್ಲ. ನಮ್ಮ ಕೈಯ ತುತ್ತು ನುಂಗುತ್ತಾ ನಮ್ಮ ಮುಖ ನೋಡುತ್ತಾಳೆ.

ನಿಮ್ಮ "ಸಂಬಂಧಪಟ್ಟವರ ಗಮನ" ಬಂದು ತಲುಪಿತು, ಅದನ್ನೂ ತಿಳಿಸುತ್ತೇನೆ. ಕಿರಣ್ ಅಂತ ಒಬ್ಬ ಫೀಲ್ಡ್ ಆಫೀಸರ್ ಇದ್ದಾನೆ, ಜಾವಗಲ್ ಕಡೆಯವನು. ಬೈಕು ಬೀದಿಯಲ್ಲೇ ನಿಲ್ಲಿಸಿ, ಜಗಲಿ ಹತ್ತದೆ ಅಲ್ಲಿಂದಲೇ ಮಾತಾಡಿದ.

"ಅಮ್ಮ, ಮೇಲಕ್ಕೆ ಬರೆದ್ರಂತೆ?"

"ಬರ್ದೆ. ಏನೀಗ?"

"ಏನಿಲ್ಲ. ಮೇಲಿಂದ ಆರ್ಡರ್ ಬಂದೈತೆ. ಈ ಗುಂಪು ರಿಸ್ಕಲ್ಲಿದೆ ಅಂತ. ಇನ್ಮೇಲೆ ದಿನಾ ಆ ಯಮ್ಮಂದು ಒಂದು ಫೋಟೋ ನನಗೆ ಕಳಿಸ್ಬೇಕು. ಮನೆ ಬಾಗ್ಲಲ್ಲಿ ನಿಂತಿರೋದು."

"ಯಾಕಪ್ಪಾ, ನಿನ್ನ ಮದುವೆಗೆ ಹೆಣ್ಣು ನೋಡ್ತಿದೀಯಾ?" ಅಂದಳು ಇಂದು.

ಅವನು ತಲೆ ತಗ್ಗಿಸಿದ. "ನನ್ ಕೆಲ್ಸ ಹೋಯ್ತದೆ ಕಣಕ್ಕಾ. ನನ್ ಬ್ರಾಂಚಲ್ಲಿ ಕಂತು ನಿಂತ್ರೆ ನನ್ ಸಂಬಳ ನಿಲ್ತದೆ. ನಾನೂ ಸಾಲ್ಗಾರನೇ."

ನೀವು ಬರೆಯುವ ಮುಂಚೆ ಸಂಜೆ ಹೊತ್ತು ಅವಳನ್ನು ಕೆರೆ ಏರಿಯ ತನಕ ನಡೆಸಿಕೊಂಡು ಹೋಗಿ ಬರುತ್ತಿದ್ದೆವು. ಈಗ ಅದೂ ನಿಂತಿದೆ. ನೀವು ಕೈ ಹಾಕಿದ್ದಕ್ಕೆ ಕುಣಿಕೆ ಬಿಗಿಯಾಯಿತು. ದಯವಿಟ್ಟು ಇನ್ನು ಯಾರ ಗಮನಕ್ಕೂ ತರಬೇಡಿ. ನೀವು ಬನ್ನಿ.

ಅನುಸೂಯಮ್ಮ


ಅರಸೀಕೆರೆ
16 ಜೂನ್ 2025

ಅನುಸೂಯಾ,

ಈ ಪತ್ರವನ್ನು ನಾನೇ ಬರೆದು, ನಾನೇ ಅಂಚೆ ಡಬ್ಬಿಗೆ ಹಾಕುತ್ತೇನೆ. ಬರೆದು ರೂಢಿ ತಪ್ಪಿದೆ, ಅಕ್ಷರ ಕೂಡಿಸಿಕೊಂಡು ಓದು.

ನಿನ್ನ ಪತ್ರವನ್ನು ಕುಮಾರಸ್ವಾಮಿಗೆ ಕೊಟ್ಟದ್ದು ತಪ್ಪಾಯಿತು. ಮೊನ್ನೆ ಅವನನ್ನು ಕೂರಿಸಿಕೊಂಡು ಕೇಳಿದೆ: "ನನ್ನ ಪಿಂಚಣಿ ದುಡ್ಡಿನಲ್ಲಿ ಆ ಹುಡುಗಿಯ ಸಾಲ ತೀರಿಸಿಬಿಡೋಣ, ನನ್ನ ಚೆಕ್ ಬುಕ್ ಕೊಡು." ಅವನು ಸಿಟ್ಟಾಗಲಿಲ್ಲ, ನಕ್ಕ. "ಅಪ್ಪಾಜಿ, ನಿಮ್ಮ ಅಕೌಂಟೆಲ್ಲಾ ಆಫೀಸಿನಲ್ಲಿ ನೋಡ್ಕೋತಾರೆ, ನಿಮಗ್ಯಾಕೆ ತಲೆನೋವು? ಸ್ಥಾಪಕರೇ ಒಬ್ಬರ ಸಾಲ ಕಟ್ಟಿದ್ರು ಅಂತ ಗೊತ್ತಾದ್ರೆ ನಾಳೆ ಬೆಳಗ್ಗೆ ನಮ್ಮನೆ ಮುಂದೆ ಜಾತ್ರೆ." ನನ್ನ ಭುಜ ತಟ್ಟಿ, ಮಾತ್ರೆ ನುಂಗಿಸಿ, ಹೋದ. ಒತ್ತೆಯಿಲ್ಲದೆ ಬಡವರಿಗೆ ಸಾಲ ಕೊಟ್ಟವನೆಂದು ಹೆಸರು ಮಾಡಿದವನ ಕೈಯಲ್ಲಿ ತನ್ನ ಹೆಸರಿನ ಒಂದು ಚೆಕ್ ಹಾಳೆಯಿಲ್ಲ. ಹೊರಗೆ ಹೋದರೆ ಕಾರು, ಕಾರಿಗೆ ಡ್ರೈವರು, ಡ್ರೈವರಿನ ಕೈಯಲ್ಲಿ ಫೋನು. ನಿನ್ನ ಹೇಮಾಶ್ರೀಗೆ ಬಸ್ಸಾರು ಬಂದ ಹಾಗೆ ನನಗೆ ಹೊತ್ತುಹೊತ್ತಿಗೆ ಗಂಜಿ ಬರುತ್ತದೆ.

ಚಾಪೆಯ ವಿಚಾರ ನಿನಗೆ ಎಂದೂ ಹೇಳಿರಲಿಲ್ಲ. ನಮ್ಮಪ್ಪನದು ಇಲ್ಲಿ ಕೊಬ್ಬರಿ ಮಂಡಿ. ಕಾಯಿ ಸುಲಿಯುವ ಹೆಂಗಸರು ಮುಂಗಡ ಕೇಳಲು ಬಂದು ತಕ್ಕಡಿಯ ಪಕ್ಕ ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ಬೆಳಗ್ಗೆ ಬಂದವರು ಮಧ್ಯಾಹ್ನದವರೆಗೆ. ಒಮ್ಮೆ ಒಬ್ಬಳು ಅಲ್ಲೇ ಕುಸಿದು ಬಿದ್ದಳು. ನಾನು ಚಿಕ್ಕವನು. "ಕೂತ್ಕೋ ಅಂತ ಯಾಕಪ್ಪ ಹೇಳಲ್ಲ?" ಎಂದು ಕೇಳಿದೆ. ಅಪ್ಪ ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳಿದರು: "ಕೂತ್ರೆ ಏಳಲ್ಲ ಕಣ್ಲಾ ಇವ್ರು. ಇಸ್ಕೊಂಡೇ ಏಳೋದು."

ಆ ಮಾತು ಎದೆಯಲ್ಲಿ ಉಳಿಯಿತು. ಅರ್ಥಶಾಸ್ತ್ರವನ್ನೆಲ್ಲ ಓದಿ ಬಂದು ನಾನು ಮಾಡಿದ್ದು ಇಷ್ಟೇ: ಬಡ ಹೆಂಗಸು ನಿಂತು ಕೇಳಬಾರದು, ಕೂತು ಕೇಳಬೇಕು. ಅದಕ್ಕೆ ಚಾಪೆ. ಕಂತು ಕೊಡಲಾಗದವಳು ಏಳುವುದು ಹೇಗೆ ಎಂದು ನಾನು ಯೋಚಿಸಲಿಲ್ಲ. ಕೂತವರು ಇಸ್ಕೊಂಡೇ ಏಳುತ್ತಾರೆಂದು ಅಪ್ಪ ಹೆದರಿದರು. ಈಗ ಕೊಟ್ಟೇ ಏಳಬೇಕು ಎನ್ನುತ್ತಾನೆ ಅವರ ಮೊಮ್ಮಗ.

ಜುಲೈ ಇಪ್ಪತ್ತಕ್ಕೆ ಹಳೇಬೀಡಿನಲ್ಲಿ ಸಂಸ್ಥೆಯ ನಲವತ್ತರ ಸಮಾರಂಭ. ನನ್ನನ್ನು ಕರೆದುಕೊಂಡು ಬರುತ್ತಾರೆ. ಅಲ್ಲಿ ನಿಮ್ಮೆಲ್ಲರ ಎದುರಿಗೆ, ಮೈಕಿನಲ್ಲಿ, ಆ ಮಾತು ಹೇಳುತ್ತೇನೆ. ಅಷ್ಟು ದಿನ ತಡೆದುಕೋ.

ನಿನ್ನ
ಚನ್ನಬಸವಯ್ಯ


ಬಸ್ತಿಹಳ್ಳಿ
1 ಜುಲೈ 2025

ಮೇಷ್ಟ್ರೇ,

ನಿಮ್ಮ ಅಕ್ಷರ ಓದಲಾಯಿತು. ಇಪ್ಪತ್ತನೇ ತಾರೀಕಿಗೆ ಕಾಯುತ್ತೇವೆ. ಇವರಿಗೂ ಹೇಳಿದ್ದೇನೆ. ಬಸಮ್ಮ ನಂಬಲಿಲ್ಲ: "ದೊಡ್ಡೋರು ಹೇಳ್ತಾರಾ?" ಅಂದಳು. ಹೇಳುತ್ತಾರೆ ಅಂದೆ. ಈ ಬಸಮ್ಮ ನಮ್ಮ ಐವರಲ್ಲಿ ಭಾರಿ ಕಟ್ಟುನಿಟ್ಟು. ಅವಳ ಪಾಳಿಯಲ್ಲಿ ಹೇಮಾಶ್ರೀ ಹಿತ್ತಲಿಗೆ ಹೋದರೂ ಹಿಂದೆ ಹೋಗುತ್ತಾಳೆ. ಮುಂದಿನ ಸಾಲದಲ್ಲಿ ಮಗಳನ್ನು ನರ್ಸಿಂಗಿಗೆ ಸೇರಿಸಬೇಕು, ಗುಂಪು ಕೆಟ್ಟರೆ ಆ ಸಾಲವಿಲ್ಲ. ಅವಳನ್ನು ಬೈಯಲು ನನಗೆ ಬಾಯಿಲ್ಲ.

ನಿನ್ನೆ ಹೇಮಾಶ್ರೀಗೆ ಬಳೆ ತೊಡಿಸಿದೆವು. ತವರಿನಲ್ಲಿ ಆಗಬೇಕಿದ್ದ ಶಾಸ್ತ್ರ. ಅವಳ ತಾಯಿಗೆ ತೋಟದಲ್ಲಿ ರಜೆ ಸಿಗಲಿಲ್ಲ. ಸಿಕ್ಕಿದ್ದರೂ, ಬಂದರೆ ಮಗಳನ್ನು ಕರೆದುಕೊಂಡು ಹೋಗಿಬಿಡುತ್ತಾಳೆ ಅಂತ ನಾವೇ ಬೇಡ ಅನ್ನುತ್ತಿದ್ದೆವೇನೋ. ಬಸಮ್ಮನೇ ಹಸಿರು ಬಳೆ ತಂದಳು. ಅವಳದೇ ರೇಷ್ಮೆ ಸೀರೆ ಉಡಿಸಿದಳು. ಜಗಲಿಯ ಮೇಲೆ ಕೂರಿಸಿ ಐದು ಬಗೆ ಅನ್ನ ಕಲಸಿ ಇಟ್ಟೆವು. ಅಕ್ಷತಾ ಸೋಬಾನೆ ಹೇಳಿದಳು. ಬಸಮ್ಮ ಅವಳ ಕೈ ಹಿಡಿದು ಒಂದೊಂದೇ ಬಳೆ ಏರಿಸುತ್ತಿದ್ದರೆ ಹೇಮಾಶ್ರೀ ಕೇಳಿದಳು:

"ಬಸಕ್ಕ, ಇದು ಬಳೆನಾ, ಬೇಡೀನಾ?"

ಹಾಡು ನಿಂತಿತು. ಬಸಮ್ಮ ಬಳೆ ಏರಿಸುವುದನ್ನು ಬಿಡಲಿಲ್ಲ. ಕಣ್ಣೀರು ಮಾತ್ರ ಹುಡುಗಿಯ ಅಂಗೈ ಮೇಲೆ ಬೀಳುತ್ತಿತ್ತು. "ಸುಮ್ಕಿರೇ, ಬಸುರೀಲಿ ಅಂಥ ಮಾತಾಡಬಾರ್ದು" ಅಂದಳು. ಆಮೇಲೆ ಆರತಿ ಎತ್ತಿ, ದೃಷ್ಟಿ ತೆಗೆದು, ಕಿರಣನಿಗೆ ಕಳಿಸಲು ಫೋಟೋ ತೆಗೆದಳು.

ಇದರ ಜೊತೆ ಹೇಮಾಶ್ರೀ ಬರೆದ ಚೀಟಿ ಇದೆ. ನಾನು ಓದಿಲ್ಲ.

ಅನುಸೂಯಮ್ಮ


ಸರ್,

ನಮಸ್ತೆ. ನಾನು ಹೇಮಾಶ್ರೀ. ನಿಮ್ಮ ಫೋಟೋ ನೋಡಿದೀನಿ, ನಿಮ್ಮನ್ನ ನೋಡಿಲ್ಲ. ನನ್ನನ್ನ ಎಲ್ಲರೂ ಚೆನ್ನಾಗಿ ನೋಡ್ಕೋತಾರೆ. ಅದೇ ಕಷ್ಟ ಸರ್. ಬೈದಿದ್ರೆ ಕಿರುಚಿ ಓಡಿಹೋಗ್ತಿದ್ದೆ.

ನಾನು ಸಾಲ ಕಟ್ಟಲ್ಲ ಅಂತ ಯಾವತ್ತೂ ಹೇಳಿಲ್ಲ. ಮಗು ಆದ್ಮೇಲೆ ಅಮ್ಮನ ಜೊತೆ ತೋಟದ ಕೆಲಸಕ್ಕೆ ಹೋಗಿ ಕಟ್ತೀನಿ. ಇಲ್ಲಿ ಕೂತ್ರೆ ಹೇಗೆ ಕಟ್ಲಿ? ಹೆಂಗಸರಿಗೆ ಬಸ್ಸು ಫ್ರೀ ಸರ್. ಹಳೇಬೀಡಿಂದ ಬೇಲೂರು, ಬೇಲೂರಿಂದ ಅರೇಹಳ್ಳಿ. ಆಧಾರ್ ಕಾರ್ಡ್ ತೋರ್ಸಿದ್ರೆ ಸಾಕು. ಬೆಳಗ್ಗೆ ಬಸ್ಸಿನ ಹಾರನ್ನು ಇಲ್ಲಿಗೆ ಕೇಳುತ್ತೆ. ಆಗ ಮಗು ಒದೆಯುತ್ತೆ.

ಮಗು ಈ ಮನೇಲಿ ಹುಟ್ಟಿದ್ರೆ ಅದನ್ನೂ ಗುಂಪಿನಲ್ಲಿ ಸೇರಿಸ್ಕೋತಾರೇನೋ ಅಂತ ಭಯ. ಇಂದು ಅಕ್ಕಂಗೆ ಹೇಳಿದ್ರೆ ನಗ್ತಾಳೆ. ಆಮೇಲೆ ನನ್ನ ಹೊಟ್ಟೆ ಸವರ್ತಾಳೆ.

ದಯವಿಟ್ಟು ಆ ಮಾತು ಹೇಳಿ ಸರ್.

ಹೇಮಾಶ್ರೀ


ಬಸ್ತಿಹಳ್ಳಿ
21 ಜುಲೈ 2025

ಚನ್ನಬಸವಯ್ಯನವರೇ,

ನೀವು ನನ್ನನ್ನು ನೋಡಿದಿರಿ.

ಬಸ್ಸು ಮಾಡಿ ಹೆಂಗಸರನ್ನು ತುಂಬಿಕೊಂಡು ಬಂದಿದ್ದರು. ಕುರ್ಚಿ ತುಂಬಬೇಕಲ್ಲ. ಇಂದುವನ್ನು ಜಗಲಿಯ ಮೇಲೆ ಬಿಟ್ಟು ನಾವು ಮೂವರು ಬಂದೆವು. ನಾನು ಕೂರಲಿಲ್ಲ. ಹಿಂದಿನ ಕಂಬದ ಹತ್ತಿರ ನಿಂತು ಕೈ ಎತ್ತಿದೆ. ನಿಮ್ಮ ಕಣ್ಣು ನನ್ನ ಮೇಲೆ ಬಂತು, ನಿಂತಿತು. ನಿಮ್ಮ ತುಟಿ ಅಲುಗಿತು. ನಿಮ್ಮ ಮಗ ಪಕ್ಕದಲ್ಲಿ ಬಗ್ಗಿ ಕಾಗದ ಸರಿಮಾಡಿ ಕೊಟ್ಟ. ನೀವು ಓದಿದಿರಿ. "ಚಾಪೆಯೆಂದರೆ ಶಿಸ್ತು. ಚಾಪೆಯೆಂದರೆ ನಂಬಿಕೆ." ಚಪ್ಪಾಳೆ ಬಿತ್ತು. ಬಸಮ್ಮನೂ ತಟ್ಟಿದಳು, ಪಾಪ, ಆ ಮಾತು ಇನ್ನೇನು ಬರುತ್ತದೆ ಅಂತ. ಬರಲಿಲ್ಲ. ನಿಮ್ಮನ್ನು ಇಬ್ಬರು ಕೈಹಿಡಿದು ಎಬ್ಬಿಸಿದರು. ನೀವು ಎದ್ದಿರಿ. ನಿಮಗೆ ಎಬ್ಬಿಸುವವರಿದ್ದಾರೆ.

ಚಳವಳಿಯಲ್ಲಿ ನನಗೆ ಘೋಷಣೆ ಕೂಗುವುದು ಕಲಿಸಿದವರು ನೀವು. ಗಂಟಲು ಹರಿದರೂ ನಿಲ್ಲಿಸಬೇಡ ಅನ್ನುತ್ತಿದ್ದಿರಿ. ನಿಮ್ಮದೊಂದು ಮಾತು ಗಂಟಲಿನಿಂದ ಹೊರಗೆ ಬರಲಿಲ್ಲವೇ?

ಹೊರಡುವಾಗ ಗುಂಪಿಗೊಂದು ಹೊಸ ಚಾಪೆ ಕೊಟ್ಟರು, ಸುರುಳಿ ಸುತ್ತಿ ರಿಬ್ಬನ್ ಕಟ್ಟಿ. ಬಿಚ್ಚಿ ನೋಡುವ ಮನಸ್ಸಾಗದೆ ಮೂಲೆಗೆ ನಿಲ್ಲಿಸಿದ್ದೇನೆ.

ವಾಪಸು ಬಂದಾಗ ಹೇಮಾಶ್ರೀ ಬಾಗಿಲಲ್ಲಿ ನಿಂತಿದ್ದಳು. ನಮ್ಮ ಮುಖ ನೋಡಿ ಒಳಗೆ ಹೋದಳು. ನನ್ನ ಪಾಳಿ ಇತ್ತು. ಕೂತೆ.

ಇನ್ನು ಬರೆಯುವುದಿಲ್ಲ.

ಅನುಸೂಯಮ್ಮ


ಅರೇಹಳ್ಳಿ
6 ಆಗಸ್ಟ್ 2025

ಮೇಷ್ಟ್ರೇ,

ಬರೆಯುವುದಿಲ್ಲ ಅಂದಿದ್ದೆ. ಇದನ್ನು ನಿಮಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ, ಏಕೆಂದರೆ ಇದರಲ್ಲಿ ನಿಮ್ಮ ಮುಖವಿದೆ.

ನಿನ್ನೆ ಮಂಗಳವಾರ, ವಾರದ ಮೀಟಿಂಗು. ಹೇಮಾಶ್ರೀಗೆ ದಿನ ತುಂಬುತ್ತಿರುವುದರಿಂದ ಅವಳ ಜಗಲಿಯ ಮೇಲೆಯೇ ಮಾಡುತ್ತಿದ್ದೇವೆ. ಐವರೂ ಇದ್ದೆವು. ಹಿಂದಿನ ಎರಡು ವಾರ ಹಳೆಯ ಚಾಪೆಯನ್ನೇ ಹಾಸಿದ್ದೆವು. ನಿನ್ನೆ ಕಿರಣ್ ಬೀದಿಯಲ್ಲಿ ನಿಂತು, "ಹಳೇದು ನಡೆಯಲ್ಲ, ಹೊಸ ಚಾಪೆ ಮೇಲೆ ಕೂತಿರೋ ಫೋಟೋ ಬೇಕು. ಆಮೇಲೇ ಮೀಟಿಂಗ್ ಶುರು" ಅಂದ. ನಾನು ಮನೆಯಿಂದ ತಂದು ರಿಬ್ಬನ್ ಬಿಚ್ಚಿ ಹಾಸಿದೆ.

ಅದರ ತುಂಬಾ ನೀವು. ಹಣೆಯಿಂದ ಗದ್ದದವರೆಗೆ, ಕಪ್ಪು ಮೀಸೆ, ನಗು. ಪ್ಲಾಸ್ಟಿಕ್ ಚಾಪೆಯ ಮೇಲೆ ನಿಮ್ಮ ಹರೆಯದ ಮುಖವನ್ನು ಅಚ್ಚು ಹಾಕಿಸಿದ್ದಾನೆ ನಿಮ್ಮ ಮಗ. ಎಲ್ಲಿ ಕೂತರೂ ನಿಮ್ಮ ಮುಖದ ಮೇಲೇ ಕೂರಬೇಕು.

ಕೂರಲು ಬಗ್ಗಿದ ಬಸಮ್ಮ ನೆಟ್ಟಗೆ ನಿಂತಳು. "ಅಯ್ಯಯ್ಯೋ! ದೊಡ್ಡೋರ ಮುಖದ ಮೇಲೆ ಕುಂಡಿ ಇಡಾದಾ? ನನ್ ಕೈಲಾಗಲ್ಲಪ್ಪ."

"ಫೋಟೋ ಅಲ್ವೇನಕ್ಕ, ಕೂತ್ಕೊಳಿ" ಅಂದ ಕಿರಣ್.

"ನಿಮ್ಮಪ್ಪನ ಫೋಟೋ ಹಾಸ್ತೀನಿ, ನೀ ಕೂತ್ಕೊತೀಯೇನ್ಲಾ?"

"ಹಂಗಾರೆ ಮಗುಚಿ ಹಾಕ್ರಿ."

"ಮುಖ ನೆಲಕ್ಕೆ ಹಾಕಾದು ಸತ್ತೋರಿಗೂ ಮಾಡಲ್ಲ" ಅಂದಳು ಅಕ್ಷತಾ.

ಕಿರಣ್ ಬ್ರಾಂಚಿಗೆ ಫೋನ್ ಮಾಡಿದ. ಅಲ್ಲಿಂದಲೂ ಅದೇ: ಕೂತ ಫೋಟೋ ಬೇಕು, ಇಲ್ಲದಿದ್ದರೆ ಮೀಟಿಂಗ್ ಆಗಿಲ್ಲ ಅಂತ ಲೆಕ್ಕ. ನಾವು ನಿಂತೇ ಇದ್ದೆವು. ಎಷ್ಟೋ ಹೊತ್ತು. ಇಷ್ಟು ತಿಂಗಳಲ್ಲಿ ಆ ಜಗಲಿಯ ಮೇಲೆ ನಾವು ಐವರೂ ಒಟ್ಟಿಗೆ ನಿಂತದ್ದು ಅದೇ ಮೊದಲು. ನಿಂತರೆ ಬೀದಿಯ ತುದಿ ಕಾಣುತ್ತದೆ ಮೇಷ್ಟ್ರೇ. ಕೂತಾಗ ಅವಳ ಬಾಗಿಲು ಮಾತ್ರ ಕಾಣುತ್ತಿತ್ತು. ಹಳೇಬೀಡಿನ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಹೇಮಾಶ್ರೀ ಹೊಟ್ಟೆ ಹಿಡಿದುಕೊಂಡಳು. ಬಸಮ್ಮ ಅದನ್ನು ನೋಡಿದಳು.

"ಲೇ ಕಿರಣ, ಮೀಟಿಂಗ್ ಸುರು ಆಗೈತಾ?"

"ಕೂತ್ರೆ ತಾನೆ ಶುರು."

"ಹಂಗಾರೆ ಕೂತೋರಿಗೆ ತಾನೆ ಏಳಾಕೆ ಅಪ್ಪಣೆ ಬೇಕಾದ್ದು? ನಾವು ಕೂತೇ ಇಲ್ವಲ್ಲ." ಅವಳು ನಮ್ಮ ಕಡೆ ತಿರುಗಿದಳು. "ನಡೀರೇ. ಇಂದು, ಅವಳ ಬಟ್ಟೆ ಗಂಟು ತಾ. ಟೀಚರಮ್ಮ, ನೀವು ಅವಳ ಜೊತೆ ಹೋಗಿ. ಆಧಾರ್ ಕಾರ್ಡು ಮರೀಬ್ಯಾಡಿ."

ಅಷ್ಟೇ. ಹೇಮಾಶ್ರೀಯ ಒಂದು ಕೈ ಬಸಮ್ಮ ಹಿಡಿದಳು, ಒಂದು ಕೈ ನಾನು. ಕಿರಣ್ ಬೈಕು ಅಡ್ಡ ಹಾಕಲಿಲ್ಲ. "ಅಕ್ಕಾ, ನನ್ ಗತಿ ಏನು?" ಅಂತ ಕೂಗುತ್ತಿದ್ದ. ಬಸಮ್ಮ ತಿರುಗದೆಯೇ ಹೇಳಿದಳು: "ನೀನೂ ಬಾ, ಬಸ್ಸಲ್ಲಿ ಜಾಗ ಐತೆ."

ನಗು ಬಂತು, ಆದರೆ ನಮಗೇನೂ ಬಿಡುಗಡೆಯಾಗಿಲ್ಲ. ಸಾಲ ಹಾಗೇ ಇದೆ. ಬಸಮ್ಮನ ಮಗಳ ನರ್ಸಿಂಗ್ ಹೋಯಿತು. ಬಸ್ಸು ಹೊರಟಾಗ ಅವಳು ಕೈ ಬೀಸಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮುಂದಿನ ಮಂಗಳವಾರ ಆ ಮೂವರ ಮೇಲೆ ಎಲ್ಲರೂ ಬೀಳುತ್ತಾರೆ. ನಾನಿಲ್ಲಿ ಲೈನ್ ಮನೆಯ ಬಾಗಿಲಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದೇನೆ. ಹೇಮಾಶ್ರೀ ಅವಳಮ್ಮನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾಳೆ. ಅವಳ ಬಾಗಿಲು ತೆರೆದಿದೆ. ಎದುರಿಗೆ ಯಾರೂ ಕೂತಿಲ್ಲ.

ಅನುಸೂಯಮ್ಮ


ಬಸ್ತಿಹಳ್ಳಿ
12 ಆಗಸ್ಟ್ 2025, ಮಂಗಳವಾರ

ಅನುಸೂಯಾ,

ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಹೇಮಾಶ್ರೀಯ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ.

ಮಾಲೇಕಲ್ಲು ಬೆಟ್ಟಕ್ಕೆ ಹೋಗಿ ದೇವರ ದರ್ಶನ ಮಾಡಿ ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿದೆ. ಬೆಟ್ಟದ ಕೆಳಗೆ ಡ್ರೈವರನ್ನು ಹಣ್ಣುಕಾಯಿ ತರಲು ಕಳಿಸಿ ಆಟೋ ಹತ್ತಿದೆ. ಅರಸೀಕೆರೆಯ ಬಸ್ ಸ್ಟಾಂಡಿನಲ್ಲಿ ಹಳೇಬೀಡಿನ ಬಸ್ಸು. ನನಗೆ ಟಿಕೆಟ್ಟಿಗೆ ದುಡ್ಡು ಬೇಕಿತ್ತು, ಜೇಬಿನಲ್ಲಿ ಚಿಲ್ಲರೆ ಸಾಲಲಿಲ್ಲ. ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ಕೊಟ್ಟಳು. ಹೆಸರು ಕೇಳಲಿಲ್ಲ, ಎಂದು ತೀರಿಸುತ್ತೀಯ ಎಂದೂ ಕೇಳಲಿಲ್ಲ.

ಹಳೇಬೀಡಿನ ವೇದಿಕೆಯಲ್ಲಿ ನಾನು ಯಾಕೆ ಹೇಳಲಿಲ್ಲ ಎಂದು ನೀನು ಕೇಳಿದೆ. ಉತ್ತರ ಇಲ್ಲಿಯವರೆಗೂ ಹುಡುಕಿದೆ. ಹೆದರಿದೆ, ಅಷ್ಟೇ. ಯಾರಿಗೆ ಎಂದರೆ ಗಂಜಿ ಕೊಡುವ ಕೈಗೆ.

ಮಂಗಳವಾರ ಬಸಮ್ಮ, ಇಂದು, ಅಕ್ಷತಾ ಮೂವರ ಮೇಲೆ ಎಲ್ಲರೂ ಬೀಳುತ್ತಾರೆ ಎಂದು ಬರೆದಿದ್ದೆಯಲ್ಲ. ಬೀದಿಯವರನ್ನು ಕೇಳಿ ಮನೆ ಹುಡುಕಿದೆ. ಚಾಪೆ ಹಾಸಿದಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ, ಮೇಲೊಂದು ಕೋಳಿ ಮಲಗಿತ್ತು. ಅದನ್ನು ಓಡಿಸಿ ಕೂತೆ. ನನ್ನ ಮುಖದ ಮೇಲೆ ಕೂರಲು ನನಗೆ ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಬೈಕು ಬಂತು. ಕಿರಣನೇ ಇರಬೇಕು. ಬೀದಿಯಿಂದಲೇ ಗದರಿದ.

"ಅಜ್ಜಾ, ಪಕ್ಕಕ್ಕೆ ಸರ್ದು ಕೂತ್ಕೊಳಿ. ದೊಡ್ಡವ್ರ ಫೋಟೋ ಐತೆ ಅಲ್ಲಿ."

"ನಾನೇ ಕಣಪ್ಪ ಅದು" ಎಂದೆ.

ಅವನು ಚಾಪೆ ನೋಡಿದ, ನನ್ನನ್ನು ನೋಡಿದ, ನಕ್ಕ. "ಒಳ್ಳೇ ಅಜ್ಜ. ಅವ್ರು ಎಸಿ ಕಾರಲ್ಲಿ ಬರ್ತಾರೆ. ನೀವು ಈ ಮನೆಯವ್ರಾ?"

"ಹೌದು. ಅನುಸೂಯಮ್ಮ ಇಲ್ಲವಲ್ಲ. ಐದನೆಯವನು ನಾನು."

ಅವನ ಮುಖಕ್ಕೆ ಜೀವ ಬಂತು. ಪಾಪ, ವಾರವೆಲ್ಲ ಬೈಸಿಕೊಂಡಿದ್ದಾನೆ. ಫೋಟೋ ತೆಗೆದುಕೊಂಡ. "ಸದ್ಯ, ಒಬ್ರಾದ್ರೂ ಕೂತ್ರಲ್ಲ. ಮೀಟಿಂಗ್ ಶುರು ಆಯ್ತು ಅಜ್ಜ. ಎಲ್ಲಾರ ಕಂತು ಬರೋವರ್ಗೂ ಏಳಂಗಿಲ್ಲ. ನನ್ ರೂಲ್ಸ್ ಅಲ್ಲ, ಮೇಲಿನವ್ರದ್ದು." ಬ್ರಾಂಚಿಗೆ ಫೋನ್ ಮಾಡುತ್ತಾ ಎದುರಿನ ಹುಣಸೆ ಮರದ ನೆರಳಿಗೆ ಹೋಗಿ ನಿಂತ. ಅಲ್ಲಿಂದ ನನ್ನನ್ನೇ ನೋಡುತ್ತಿದ್ದಾನೆ.

ಬಿಸಿಲು ಜಗಲಿಗೆ ಬಂದಿದೆ. ಮಂಡಿ ಹಿಡಿದುಕೊಂಡಿದೆ. ಆಗಲೇ ಒಬ್ಬಳು, ಬಸಮ್ಮನೇ ಇರಬೇಕು, ಬಂದು ಒಂದು ಲೋಟ ಮಜ್ಜಿಗೆ ಇಟ್ಟು ಹೋದಳು. ನನ್ನನ್ನು ಗುರುತು ಹಿಡಿದಳು ಎನಿಸುತ್ತದೆ. ಕಾಲಿಗೆ ಬೀಳಲಿಲ್ಲ. ನಾನು ಕೂತಿರುವ ಜಾಗವನ್ನು ನೋಡಿ, ತನ್ನ ಮನೆಯ ಬಾಗಿಲಿಗೆ ಹೋಗಿ ನಿಂತಿದ್ದಾಳೆ. ಇಂದು, ಅಕ್ಷತಾ ಎಂದು ತೋರುವ ಇಬ್ಬರು ಅವಳ ಪಕ್ಕಕ್ಕೆ ಬಂದು ನಿಂತಿದ್ದಾರೆ. ಯಾರೂ ಇತ್ತ ಬರುತ್ತಿಲ್ಲ. ನಾನೇನು ಮಾಡುತ್ತೇನೆಂದು ನೋಡುತ್ತಿದ್ದಾರೆ.

ನಲವತ್ತು ವರ್ಷ ಈ ಚಾಪೆಯ ಬಗ್ಗೆ ಬರೆದೆ, ದೇಶ ತಿರುಗಿ ಮಾತಾಡಿದೆ. ಇದರ ಮೇಲೆ ಕೂತದ್ದು ಇವತ್ತೇ ಮೊದಲು. ನನಗೆ ಏಳು ಎಂದು ಹೇಳಲು ಇಲ್ಲಿ ಯಾರೂ ಇಲ್ಲ ಅನುಸೂಯಾ. ನಿಮಗೂ ಯಾರೂ ಹೇಳಿರಲಿಲ್ಲ.

ಕಾಗದವನ್ನು ಮಡಚುತ್ತೇನೆ. ಏಳಲು ಮಂಡಿಯ ಮೇಲೆ ಕೈ ಊರಿದ್ದೇನೆ.

ಚನ್ನಬಸವಯ್ಯ
ಐದನೆಯವನು